ಎರೆ ಭೂಮಿಯಲ್ಲಿ ನೀರಿನ ಪೈಪು ಒಡೆಯುವುದೇಕೆ? ಸೋರಿಕೆಯ ಪತ್ತೆ, ದುರಸ್ತಿ ಮತ್ತು ತಡೆ

"ಹನಿ ಹನಿ ಕೂಡಿದರೆ ಹಳ್ಳ" ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಉಳಿತಾಯದ ಮಾತು ಬಂದಾಗ ಹೇಳುತ್ತೇವೆ. ಈ ಗಾದೆ ನಷ್ಟಕ್ಕೂ ಅಷ್ಟೇ ಒಪ್ಪುತ್ತದೆ. ಸೆಕೆಂಡಿಗೆ ಒಂದು ಹನಿಯಂತೆ ತೊಟ್ಟಿಕ್ಕುವ ನಳದಿಂದ ಒಂದು ದಿನಕ್ಕೆ ಸುಮಾರು 4 ಲೀಟರ್ ನೀರು ಹೋಗುತ್ತದೆ. ಇದು ಕಣ್ಣಿಗೆ ಕಾಣುವ ಸೋರಿಕೆ. ಹೊಲದಲ್ಲಿ ಹೂತ ಪೈಪಿನ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ. ಅದರಲ್ಲಿಯೂ ಎರೆ ಭೂಮಿಯಲ್ಲಿ ಬೇಸಿಗೆಯ ಬಿರುಕುಗಳು ಸೋರಿದ ನೀರನ್ನೆಲ್ಲ ನುಂಗಿಬಿಡುವುದರಿಂದ ಮೇಲೆ ತೇವವೂ ಕಾಣದೆ ತಿಂಗಳುಗಟ್ಟಲೆ ನೀರು ಹೋಗುತ್ತಿರಬಹುದು.

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ ಮತ್ತು ಕುಂದಗೋಳ ತಾಲೂಕುಗಳಲ್ಲಿ ಆಳವಾದ ಎರೆ ಭೂಮಿ ಹೆಚ್ಚು. ಮಲಪ್ರಭಾ ಕಾಲುವೆಯ ನೀರು ತಲುಪದ ಹೊಲಗಳಲ್ಲಿ ರೈತರು ಕೃಷಿ ಹೊಂಡ, ಕೊಳವೆ ಬಾವಿ ಮತ್ತು ಹಳ್ಳದ ನೀರನ್ನು ಪೈಪಿನ ಮೂಲಕ ಒಯ್ದು ಮೆಣಸಿನಕಾಯಿ, ಉಳ್ಳಾಗಡ್ಡಿ, ಕಡಲೆ, ಗೋವಿನಜೋಳ ಬೆಳೆಗಳನ್ನು ಉಳಿಸಿಕೊಳ್ಳುತ್ತಾರೆ. ಕಲಘಟಗಿಯ ಕಡೆ ಮಳೆ ಹೆಚ್ಚು. ಅಲ್ಲಿ ಕೆಂಪು ಮತ್ತು ಮಿಶ್ರ ಮಣ್ಣುಗಳಿದ್ದು, ಕಬ್ಬು ಮತ್ತು ತೋಟದ ಬೆಳೆಗಳಿಗೆ ಪೈಪಿನ ನೀರು ಬೇಕಾಗುತ್ತದೆ. ಪೈಪು ಒಡೆದಾಗ ಎಲ್ಲ ಕಡೆಯೂ ನಡೆಯುವುದು ಒಂದೇ: ಒಡೆದ ಜಾಗವನ್ನು ಅಗೆದು, ತೇಪೆ ಹಾಕಿ, ಮುಚ್ಚುವುದು. ಕೆಲವು ವಾರಗಳಲ್ಲಿ ಅದೇ ಸಾಲಿನ ಇನ್ನೊಂದು ಕಡೆ ಪೈಪು ಒಡೆಯುತ್ತದೆ. ಒಡೆದ ಕಾರಣವನ್ನು ತಿಳಿಯದೆ ಹಾಕಿದ ತೇಪೆ ಬಹಳ ದಿನ ಬಾಳುವುದಿಲ್ಲ. ಸಮಾಧಾನದ ಸಂಗತಿಯೆಂದರೆ, ಒಡಕಿನ ಆಕಾರವೇ ಬಹುಮಟ್ಟಿಗೆ ಅದರ ಕಾರಣವನ್ನು ಹೇಳುತ್ತದೆ.

ಸೋರಿದ ನೀರಿನ ಲೆಕ್ಕ

ಪೈಪಿನ ಒಳಗಿನ ಒತ್ತಡವನ್ನು ಒಂದು ಚದರ ಸೆಂಟಿಮೀಟರಿಗೆ ಇಷ್ಟು ಕಿಲೋ ಎಂದು ಅಳೆಯುತ್ತಾರೆ. 10 ಮೀಟರ್ ಎತ್ತರದ ನೀರು ಸುಮಾರು 1 ಕಿಲೋ ಒತ್ತಡ ಕೊಡುತ್ತದೆ. ತುಂತುರು ನೀರಾವರಿಯ ಸಾಲಿನಲ್ಲಿ ಸಾಮಾನ್ಯವಾಗಿರುವ 2 ಕಿಲೋ ಒತ್ತಡಕ್ಕೆ, ಪೈಪಿನಲ್ಲಿ ತೂತು ಬಿದ್ದರೆ ಹೋಗುವ ನೀರು ಸರಿಸುಮಾರಾಗಿ ಹೀಗಿದೆ:

1 ಮಿ.ಮೀ. ತೂತು: ತಾಸಿಗೆ 34 ಲೀಟರ್, 6 ತಾಸಿಗೆ 200 ಲೀಟರ್.
3 ಮಿ.ಮೀ. ತೂತು: ತಾಸಿಗೆ 300 ಲೀಟರ್; 6 ತಾಸಿಗೆ 1,800 ಲೀಟರ್.
6 ಮಿ.ಮೀ. ತೂತು: ತಾಸಿಗೆ 1,200 ಲೀಟರ್, 6 ತಾಸಿಗೆ 7,200 ಲೀಟರ್.
10 ಮಿ.ಮೀ. ತೂತು: ತಾಸಿಗೆ 3,300 ಲೀಟರ್, 6 ತಾಸಿಗೆ ಸುಮಾರು 20,000 ಲೀಟರ್.

ತೂತಿನ ಅಗಲ ಎರಡು ಪಟ್ಟಾದರೆ ಸೋರಿಕೆ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಗಮನಿಸಬೇಕು. ಒತ್ತಡ ಹೆಚ್ಚಿದಂತೆಯೂ ಸೋರಿಕೆ ಹೆಚ್ಚುತ್ತದೆ. ಪ್ಲಾಸ್ಟಿಕ್ ಪೈಪಿನ ಸೀಳು ಒತ್ತಡಕ್ಕೆ ಬಾಯಿ ತೆರೆಯುವುದರಿಂದ ಅಲ್ಲಿ ನಷ್ಟ ಇನ್ನೂ ಹೆಚ್ಚು.

ಈ ಲೆಕ್ಕವನ್ನು ಬೆಳೆಗೆ ಹೊಂದಿಸಿ ನೋಡೋಣ. 2014-15ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಡಿ ತೋಡಿದ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಹೊಂಡವೊಂದರಲ್ಲಿ, ಇಳಿಜಾರು ದಂಡೆಗಳನ್ನು ಕಳೆದು, ಸುಮಾರು 8 ಲಕ್ಷ ಲೀಟರ್ ನೀರು ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಒಂದು ಎಕರೆಗೆ ಒಂದು ಇಂಚು ನೀರು ಕೊಡಲು ಸುಮಾರು 1 ಲಕ್ಷ ಲೀಟರ್ ಬೇಕು. ಆದ್ದರಿಂದ ಈ ಹೊಂಡದಿಂದ ನಾಲ್ಕು ಎಕರೆ ಕಡಲೆಗೆ ಎರಡು ಇಂಚಿನಂತೆ ಒಂದು ಸಲ ನೀರು ಕೊಡಬಹುದು. ಪಂಪು ಸೆಕೆಂಡಿಗೆ 4 ಲೀಟರ್, ಅಂದರೆ ತಾಸಿಗೆ 14,400 ಲೀಟರ್ ಎತ್ತುತ್ತಿದ್ದು, ಪೈಪಿನಲ್ಲಿ 6 ಮಿ.ಮೀ. ತೂತೊಂದಿದ್ದರೆ ಹನ್ನೆರಡರಲ್ಲಿ ಒಂದು ಪಾಲು ನೀರು ದಾರಿಯಲ್ಲಿಯೇ ಹೋಗುತ್ತದೆ. ಹೊಂಡ ಖಾಲಿಯಾಗುವ ಹೊತ್ತಿಗೆ ಹೀಗೆ ಕಳೆದ ನೀರು ಸುಮಾರು 66,000 ಲೀಟರ್. ಬೆರಳ ತುದಿಯೂ ಹಿಡಿಯದ ಆ ತೂತಿನಿಂದಾಗಿ 13 ಗುಂಟೆ ಕಡಲೆ ಹೂ ಬಿಡುವ ಕಾಲಕ್ಕೆ ನೀರಿಲ್ಲದೆ ಉಳಿಯುತ್ತದೆ. ಎತ್ತಿದ ನೀರಿಗೆ ಸುಟ್ಟ ಡೀಸೆಲ್ ಬೇರೆ.

ನಷ್ಟ ಇಷ್ಟಕ್ಕೇ ಮುಗಿಯುವುದಿಲ್ಲ. ಮೆಣಸಿನಕಾಯಿಯ ಬೇರಿಗೆ ನಿಂತ ನೀರು ಆಗದು. ಸೋರುವ ಜಾಗದ ಸುತ್ತಲಿನ ಗಿಡಗಳು ಹಳದಿಯಾಗಿ ಸೊರಗುತ್ತವೆ. ಕೊಳವೆ ಬಾವಿಯ ನೀರು ಉಪ್ಪಾಗಿದ್ದರೆ ಸೋರಿದ ಜಾಗದಲ್ಲಿ ನೀರು ಆವಿಯಾಗಿ ಉಪ್ಪು ಮೇಲೆ ಉಳಿಯುತ್ತದೆ. ಹೀಗೆ ವರ್ಷಗಟ್ಟಲೆ ನಡೆದರೆ ಒಳ್ಳೆಯ ಎರೆ ಭೂಮಿಯ ನಡುವೆ ಸವಳು ಮಣ್ಣಿನ ತುಂಡೊಂದು ಹುಟ್ಟಿಕೊಳ್ಳುತ್ತದೆ. ಪೈಪನ್ನು ಒಂದು ದಿನದಲ್ಲಿ ರಿಪೇರಿ ಮಾಡಬಹುದು. ಸವಳಾದ ನೆಲವನ್ನು ಸುಧಾರಿಸಲು ವರ್ಷಗಳು ಬೇಕು.

ಒಡಕನ್ನು ನೋಡಿ ಕಾರಣ ತಿಳಿಯುವ ಬಗೆ

ಒಡೆದ ತುಂಡನ್ನು ಕತ್ತರಿಸಿ ತೆಗೆದ ಮೇಲೆ ಬದುವಿನ ಮೇಲೆ ಎಸೆಯಬೇಡಿ. ಅದನ್ನು ತೊಳೆದು ನೋಡಿ.

1. ಬಳೆಯಂತೆ ಸುತ್ತಲೂ ಬಂದ ಬಿರುಕು: ಇದು ನೆಲದ ಚಲನೆಯಿಂದ ಆದದ್ದು. ಎರೆ ಮಣ್ಣಿನಲ್ಲಿರುವ ಒಂದು ಬಗೆಯ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ನೆಲ ಬಾಯಿಬಿಟ್ಟು ಮೊಣಕಾಲಿನಿಂದ ಸೊಂಟದವರೆಗಿನ ಆಳಕ್ಕೂ ಬಿರುಕುಗಳು ಇಳಿಯುವುದನ್ನು ನೀವು ಪ್ರತಿ ವರ್ಷ ನೋಡುತ್ತೀರಿ. ಪೈಪಿನ ಒಂದು ಭಾಗದ ಕೆಳಗಿನ ಮಣ್ಣು ಕುಸಿದು, ಪಕ್ಕದ ಭಾಗದ ಮಣ್ಣು ಹಾಗೆಯೇ ನಿಂತರೆ ಪೈಪು ತೊಲೆಯಂತೆ ಬಾಗಿ ನಡುವೆ ಮುರಿಯುತ್ತದೆ. ಮುಂಗಾರಿಯ ಮೊದಲ ದೊಡ್ಡ ಮಳೆಯ ನಂತರ ಮಣ್ಣು ಒಮ್ಮೆಲೇ ಉಬ್ಬಿದಾಗಲೂ ಹೀಗಾಗುತ್ತದೆ. ವಾಲ್ವಿನ ಕಟ್ಟೆಯ ಕಾಂಕ್ರೀಟ್ ಗೋಡೆಯೊಳಗೆ ಪೈಪು ಬಿಗಿಯಾಗಿ ಸಿಕ್ಕಿಕೊಂಡಿದ್ದರೆ ಗೋಡೆಯ ಅಂಚಿನಲ್ಲಿಯೇ ಕತ್ತರಿಸಿದಂತೆ ಒಡೆಯುತ್ತದೆ.

2. ಉದ್ದಕ್ಕೆ ಬಂದ ಸೀಳು: ಇದು ಒಳಗಿನ ಒತ್ತಡ ಮಿತಿ ಮೀರಿದ್ದರ ಗುರುತು. ಇಂತಹ ಸೀಳು ಒಂದು ಅಡಿಯಿಂದ ಹಲವು ಅಡಿಗಳವರೆಗೂ ಇರಬಹುದು. ಇದರ ಬಗ್ಗೆ ಮುಂದೆ ವಿವರವಾಗಿ ಹೇಳಲಾಗಿದೆ.

3. ಜೋಡಣೆ ಬಿಚ್ಚಿಕೊಂಡಿರುವುದು: ಪೈಪು ಒಡೆಯದೆ ಕಪ್ಲರಿನಿಂದ ಹೊರಬಂದಿದ್ದರೆ ಕಾರಣ ಮೂರರಲ್ಲಿ ಒಂದು. ಅಂಟು ಸರಿಯಾಗಿ ಹಿಡಿದಿರಲಿಕ್ಕಿಲ್ಲ. ಬಿಸಿಲಿನಲ್ಲಿ ಹಿಗ್ಗಿದ ಪೈಪು ರಾತ್ರಿ ಕುಗ್ಗಿ ಎಳೆದಿರಬಹುದು. ಇಲ್ಲವೆ ತಿರುವಿನಲ್ಲಿ ನೀರು ಪೈಪನ್ನು ನೂಕಿರಬಹುದು. ಪಿ.ವಿ.ಸಿ. ಪೈಪು 25 ಡಿಗ್ರಿ ಉಷ್ಣತೆಯ ಏರಿಳಿತಕ್ಕೆ 6 ಮೀಟರ್ ಉದ್ದದಲ್ಲಿ ಸುಮಾರು 1 ಸೆಂ.ಮೀ. ಹಿಗ್ಗಿ ಕುಗ್ಗುತ್ತದೆ. ನೂರು ಮೀಟರಿಗೆ ಇದು ಒಂದು ಗೇಣಿನಷ್ಟಾಗುತ್ತದೆ. ತಿರುವಿನ ನೂಕು ಬಲವೂ ಕಡಿಮೆಯದಲ್ಲ. 90 ಮಿ.ಮೀ. ಪೈಪಿನಲ್ಲಿ 4 ಕಿಲೋ ಒತ್ತಡವಿದ್ದರೆ ನೇರ ಕೋನದ ಬೆಂಡಿನ ಮೇಲೆ ಸುಮಾರು 360 ಕಿಲೋ ಬಲ ಬೀಳುತ್ತದೆ. ತೊಯ್ದು ಮೆತ್ತಗಾದ ಎರೆ ಮಣ್ಣು ಅದನ್ನು ತಡೆಯಲಾರದು.

4. ಸಣ್ಣ ಸಣ್ಣ ತೂತುಗಳು: ಜಿ.ಐ. ಪೈಪಿನಲ್ಲಿ ಇವು ತುಕ್ಕಿನ ಗುರುತು. ಸವಳು ಮಣ್ಣಿನಲ್ಲಿ ಸತುವಿನ ಲೇಪ ಬೇಗ ಸವೆದು ಕಬ್ಬಿಣ ತಿಂದುಹೋಗುತ್ತದೆ. ಒಂದು ಕಡೆ ತೂತು ಬಿದ್ದರೆ ಆ ಸಾಲಿನ ಉಳಿದ ಪೈಪುಗಳೂ ಹೆಚ್ಚು ದಿನ ಬಾಳಲಾರವು ಎಂದು ತಿಳಿಯಬೇಕು.

5. ಹಲ್ಲಿನ ಗುರುತು: ಹನಿ ನೀರಾವರಿಯ ಕರಿ ಕೊಳವೆಗಳನ್ನು ಇಲಿ ಮತ್ತು ಅಳಿಲು ಕಡಿಯುತ್ತವೆ. ಸುತ್ತ ಎಲ್ಲಿಯೂ ನೀರಿಲ್ಲದ ಬೇಸಿಗೆಯಲ್ಲಿ ಈ ಕಾಟ ಹೆಚ್ಚು.

6. ಬಿಳಿಚಿಕೊಂಡು ಪುಡಿಯಾಗುವ ಪೈಪು: ಪಿ.ವಿ.ಸಿ. ಪೈಪನ್ನು ನೆಲದ ಮೇಲೆಯೇ ಬಿಟ್ಟರೆ ಬಿಸಿಲಿಗೆ ಅದರ ಕಸುವು ಹೋಗಿ, ಸ್ವಲ್ಪ ಪೆಟ್ಟು ತಗುಲಿದರೂ ಚೂರಾಗುತ್ತದೆ.

ಒತ್ತಡ ಮಿತಿ ಮೀರುವುದು ಹೇಗೆ?

ಉದ್ದ ಸೀಳಿದ ಪೈಪನ್ನು ಕಂಡಾಗ "ಪೈಪೇ ಕಳಪೆ" ಎಂದು ಹೇಳುವುದು ರೂಢಿ. ಕೆಲವೊಮ್ಮೆ ಅದು ನಿಜವಿರಬಹುದು. ಆದರೆ ಒಳ್ಳೆಯ ಪೈಪನ್ನೂ ಒಡೆಯುವ ಎರಡು ಸಂದರ್ಭಗಳನ್ನು ರೈತರು ತಿಳಿದಿರಬೇಕು.

ಮೊದಲನೆಯದು ನೀರಿನ ಹೊಡೆತ. 63 ಮಿ.ಮೀ. ಪೈಪಿನ 300 ಮೀಟರ್ ಸಾಲಿನಲ್ಲಿ ತುಂಬಿರುವ ನೀರಿನ ತೂಕ ಸುಮಾರು 800 ಕಿಲೋ. ಸೆಕೆಂಡಿಗೆ 4 ಲೀಟರ್ ಹರಿಯುವಾಗ ಈ ನೀರು ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಹೇರು ತುಂಬಿದ ಬಂಡಿ ಇಳಿಜಾರಿನಲ್ಲಿ ಓಡುವಾಗ ಎತ್ತುಗಳನ್ನು ಥಟ್ಟನೆ ನಿಲ್ಲಿಸಿದರೆ ಏನಾಗುತ್ತದೆಯೋ, ವಾಲ್ವನ್ನು ಒಮ್ಮೆಲೇ ಮುಚ್ಚಿದಾಗ ಪೈಪಿನಲ್ಲಿಯೂ ಅದೇ ಆಗುತ್ತದೆ. ಓಡುವ ನೀರಿನ ಬಲವೆಲ್ಲ ಒತ್ತಡವಾಗಿ ಮಾರ್ಪಡುತ್ತದೆ. ಮೇಲೆ ಹೇಳಿದ ವೇಗಕ್ಕೆ ಪಿ.ವಿ.ಸಿ. ಪೈಪಿನಲ್ಲಿ ಕ್ಷಣಮಾತ್ರಕ್ಕೆ 5ರಿಂದ 6 ಕಿಲೋ ಒತ್ತಡ ಹೆಚ್ಚಾಗುತ್ತದೆ. ಕಬ್ಬಿಣದ ಪೈಪು ಸ್ವಲ್ಪವೂ ಹಿಗ್ಗದ ಕಾರಣ ಅಲ್ಲಿ ಇದು 18 ಕಿಲೋ ಮುಟ್ಟಬಹುದು. 4 ಕಿಲೋ ದರ್ಜೆಯ ಪೈಪಿನಲ್ಲಿ ಮೊದಲೇ 2 ಕಿಲೋ ಇದ್ದು, ಅದರ ಮೇಲೆ 6 ಕಿಲೋ ಬಿದ್ದರೆ ಅದು ಎಷ್ಟು ಸಲ ತಡೆದೀತು? ಅದೇ ವಾಲ್ವನ್ನು ಇಪ್ಪತ್ತರ ತನಕ ಎಣಿಸುತ್ತ ನಿಧಾನವಾಗಿ ತಿರುಗಿಸಿದರೆ ಈ ಹೊಡೆತ ಬಹಳಷ್ಟು ತಗ್ಗುತ್ತದೆ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ವಾಲ್ವು ಮುಟ್ಟದಿದ್ದರೂ ಕರೆಂಟು ಹೋದಾಗ ಇದೇ ಹೊಡೆತ ಬೀಳುತ್ತದೆ. ಪಂಪು ನಿಂತೊಡನೆ ಮೇಲೇರಿದ ನೀರು ಹಿಂದಕ್ಕೆ ಓಡಿಬಂದು ನಾನ್-ರಿಟರ್ನ್ ವಾಲ್ವಿನ ಬಾಗಿಲನ್ನು ಬಡಿಯುತ್ತದೆ. ಕರೆಂಟು ಬಂದಾಗ ತಾನೇ ಚಾಲೂ ಆಗುವ ಸ್ಟಾರ್ಟರ್ ಇದ್ದರೆ ಖಾಲಿಯಾದ ಪೈಪಿನಲ್ಲಿ ನೀರು ಗಾಳಿಯನ್ನು ನೂಕುತ್ತ ನುಗ್ಗುತ್ತದೆ. ದಿಬ್ಬದ ಭಾಗದಲ್ಲಿ ಸಿಕ್ಕಿಕೊಂಡ ಗಾಳಿ ಹೊರಬರಲು ದಾರಿಯಿಲ್ಲದೆ ಪೈಪು ನಡುಗಿ ಒಡೆಯುತ್ತದೆ. ಆದ್ದರಿಂದ ಸಾಲಿನ ಎತ್ತರದ ಜಾಗಗಳಲ್ಲಿ ಏರ್ ವಾಲ್ವ್ ಇರಲೇಬೇಕು.

ಎರಡನೆಯದು, ಪಂಪು ಓಡುತ್ತಿರುವಾಗ ಎಲ್ಲ ವಾಲ್ವುಗಳನ್ನೂ ಮುಚ್ಚುವುದು. ಸಬ್‌ಮರ್ಸಿಬಲ್ ಪಂಪನ್ನು ಆಳದ ನೀರಿಗೆಂದು ಆರಿಸಿರುತ್ತಾರೆ. ವಾಲ್ವು ಮುಚ್ಚಿದಾಗ 120 ಮೀಟರ್ ತನಕ ನೀರೇರಿಸುವ ಪಂಪೊಂದಿದೆ ಎಂದಿಟ್ಟುಕೊಳ್ಳಿ. ಬೇಸಿಗೆಯಲ್ಲಿ ನೀರು 100 ಮೀಟರ್ ಕೆಳಗಿದ್ದರೆ ನೆಲದ ಮೇಲಿನ ಪೈಪಿಗೆ ಬೀಳುವುದು ಗರಿಷ್ಠ 2 ಕಿಲೋ. ಒಳ್ಳೆಯ ಮಳೆಯಾಗಿ ನೀರು 40 ಮೀಟರಿಗೆ ಏರಿದರೆ ಅದೇ ಪಂಪು ಅದೇ ಪೈಪಿಗೆ 8 ಕಿಲೋ ಒತ್ತಡ ಹಾಕಬಲ್ಲದು. ಬರಗಾಲದ ವರ್ಷ ಗಟ್ಟಿಯಾಗಿದ್ದ ಪೈಪು ಸುಭಿಕ್ಷದ ವರ್ಷ ಒಡೆಯುವುದರ ಒಂದು ಗುಟ್ಟು ಇದು. ಒಂದು ಮಡಿಯ ವಾಲ್ವನ್ನು ಮುಚ್ಚುವ ಮೊದಲು ಇನ್ನೊಂದು ಮಡಿಯ ವಾಲ್ವನ್ನು ತೆರೆಯಬೇಕು. ಪಂಪಿನ ಹತ್ತಿರ ಹೆಚ್ಚಿನ ನೀರನ್ನು ಬಾವಿಗೆ ಅಥವಾ ಹೊಂಡಕ್ಕೆ ಮರಳಿಸುವ ಬೈಪಾಸ್ ಇಟ್ಟರೆ ಇನ್ನೂ ಒಳ್ಳೆಯದು.

ಪಿ.ವಿ.ಸಿ. ಪೈಪನ್ನು ಕೊಳ್ಳುವಾಗ ಅದರ ಮೇಲೆ ಅಚ್ಚಾದ ಐ.ಎಸ್. 4985 ಗುರುತು, ಹೊರ ಅಳತೆ ಮತ್ತು ಒತ್ತಡದ ದರ್ಜೆಯನ್ನು ಓದಿ ನೋಡಿ. 4, 6, 8, 10 ಎಂಬ ಅಂಕಿಗಳು ಅದು ಸತತವಾಗಿ ತಡೆಯಬಲ್ಲ ಕಿಲೋ ಒತ್ತಡವನ್ನು ಸೂಚಿಸುತ್ತವೆ. ತೆರೆದ ಸಾಲಿಗೆ ನೀರು ಬಿಡಲು 4 ಕಿಲೋ ದರ್ಜೆ ಸಾಕಾಗಬಹುದು. ಕೊಳವೆ ಬಾವಿಯಿಂದ ನೇರವಾಗಿ ತುಂತುರು ಅಥವಾ ಹನಿ ನೀರಾವರಿಗೆ ಹೋಗುವ ಮುಖ್ಯ ಸಾಲಿಗೆ 6 ಕಿಲೋಗಿಂತ ಕಡಿಮೆ ಬೇಡ.

ಕಾಣದ ಸೋರಿಕೆಯ ಪತ್ತೆ

ಮೊದಲು ಬೆಳೆಯನ್ನೇ ನೋಡಿ. ಪೈಪಿನ ಸಾಲಿನ ಮೇಲೆ ಒಂದು ಕಡೆ ಮಾತ್ರ ಹುಲ್ಲು ಹಸಿರಾಗಿದ್ದರೆ, ಬೇಸಿಗೆಯಲ್ಲಿ ಎಲ್ಲ ಕಡೆ ನೆಲ ಬಾಯಿಬಿಟ್ಟಿದ್ದರೂ ಒಂದು ಕಡೆ ಬಿರುಕು ಇಲ್ಲದಿದ್ದರೆ, ಬಿಳಿ ಉಪ್ಪು ಮೂಡಿದ್ದರೆ, ಕೆಳಗೆ ಸೋರಿಕೆಯಿರುವ ಸಂಭವ ಹೆಚ್ಚು. ತುಂತುರು ಕೊಳವೆಗಳ ನೀರು ಮೊದಲಿನಷ್ಟು ದೂರ ಹಾರದಿರುವುದೂ ಒಂದು ಸೂಚನೆ.

ನೀರಿನ ತೊಟ್ಟಿಯಿಂದ ಇಳಿಯುವ ಸಾಲಾದರೆ ಪರೀಕ್ಷೆ ಸುಲಭ. ಸಂಜೆ ಎಲ್ಲ ನಳ ಮತ್ತು ವಾಲ್ವುಗಳನ್ನು ಮುಚ್ಚಿ, ತೊಟ್ಟಿಯ ಒಳಗೋಡೆಗೆ ನೀರಿನ ಮಟ್ಟದಲ್ಲಿ ಗೆರೆ ಹಾಕಿ. ಬೆಳಗಾಗುವಷ್ಟರಲ್ಲಿ 2 ಮೀಟರ್ ಉದ್ದಗಲದ ತೊಟ್ಟಿಯಲ್ಲಿ ಒಂದು ಇಂಚು ಇಳಿದಿದ್ದರೆ ರಾತ್ರಿ ಸುಮಾರು 100 ಲೀಟರ್ ಸೋರಿದೆ ಎಂದು ಅರ್ಥ.

ಪಂಪಿನ ಸಾಲಿಗೆ ಒತ್ತಡ ಮಾಪಕವೊಂದು ಬೇಕು. ಅದನ್ನು ಪಂಪಿನ ಗೇಟ್ ವಾಲ್ವಿನ ಮುಂದೆ, ಹೊಲದ ಬದಿಗೆ ಕೂಡಿಸಬೇಕು. ಈ ಕೆಲಸಕ್ಕೆ ಇಬ್ಬರು ಬೇಕು. ಗೇಟ್ ವಾಲ್ವನ್ನು ಸ್ವಲ್ಪವೇ ತೆರೆದು, ಗಾಳಿಯೆಲ್ಲ ಹೊರಹೋಗುವ ತನಕ ಸಾಲನ್ನು ನಿಧಾನವಾಗಿ ತುಂಬಿಸಿ. ನಂತರ ತುದಿಯ ವಾಲ್ವನ್ನು ಮೆಲ್ಲಗೆ ಮುಚ್ಚುತ್ತ, ಮುಳ್ಳು ಎಂದಿನ ಒತ್ತಡವನ್ನು ಮುಟ್ಟಿದೊಡನೆ ಗೇಟ್ ವಾಲ್ವನ್ನು ಮುಚ್ಚಿ ಪಂಪನ್ನು ನಿಲ್ಲಿಸಿ. ಕಾಲು ತಾಸು ಮುಳ್ಳು ಅಲ್ಲಿಯೇ ನಿಂತರೆ ಸಾಲು ಗಟ್ಟಿಯಿದೆ. ಸರಸರನೆ ಇಳಿದರೆ ಸೋರಿಕೆಯಿದೆ. ನಡುವಿನ ವಾಲ್ವುಗಳನ್ನು ಒಂದೊಂದಾಗಿ ಮುಚ್ಚಿ ಇದೇ ಪರೀಕ್ಷೆ ಮಾಡಿದರೆ ಸೋರುವ ಭಾಗ ಗೊತ್ತಾಗುತ್ತದೆ. ಹೀಗೆ ಮಾಡಿದರೆ ಇಡೀ ಸಾಲನ್ನು ಅಗೆಯುವ ಶ್ರಮ ತಪ್ಪುತ್ತದೆ.

ದುರಸ್ತಿಯ ಕ್ರಮ

ಪಂಪು ನಿಲ್ಲಿಸಿ, ಎರಡೂ ಕಡೆಯ ವಾಲ್ವು ಮುಚ್ಚಿ, ತಗ್ಗಿನ ತುದಿಯಿಂದ ನೀರನ್ನು ಹೊರಬಿಡಿ. ಒಡೆದ ಜಾಗದ ಎರಡೂ ಕಡೆ ಐದಾರು ಅಡಿ, ಪೈಪಿನ ಕೆಳಗೆ ಅರ್ಧ ಅಡಿ ಅಗೆಯಿರಿ. ಕುಳಿ ಚಿಕ್ಕದಾದರೆ ಪೈಪನ್ನು ಎತ್ತಿ ಬಾಗಿಸಲು ಬರುವುದಿಲ್ಲ. ಕೆಸರು ಜೋಡಣೆಯೊಳಗೆ ಸೇರುತ್ತದೆ.

ಪಿ.ವಿ.ಸಿ. ಪೈಪಿನ ಸೀಳು ಕಣ್ಣಿಗೆ ಕಾಣುವುದಕ್ಕಿಂತ ಮುಂದೆ ಹೋಗಿರುತ್ತದೆ. ಆದ್ದರಿಂದ ಸೀಳಿನ ತುದಿಯಿಂದ ಎರಡೂ ಕಡೆ ಅರ್ಧ ಅಡಿ ಹೆಚ್ಚಿಗೆ ಹಿಡಿದು ಗರಗಸದಿಂದ ನೇರವಾಗಿ ಕತ್ತರಿಸಿ. ಅಂಚಿನ ಸಿಬಿರುಗಳನ್ನು ಕೆರೆದು, ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ತೇವವಿದ್ದರೆ ಅಂಟು ಹಿಡಿಯುವುದಿಲ್ಲ. ಪೈಪಿನ ಹೊರಮೈಗೂ ಕಪ್ಲರಿನ ಒಳಮೈಗೂ ಸಾಲ್ವೆಂಟ್ ಸಿಮೆಂಟನ್ನು ತೆಳುವಾಗಿ, ಎಲ್ಲಿಯೂ ಬಿಡದಂತೆ ಹಚ್ಚಿ. ಕೂಡಲೇ ಒಳಗೆ ನೂಕಿ, ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಬಿಗಿಯಾಗಿ ಹಿಡಿಯಿರಿ. ಹೊಸ ತುಂಡಿನ ಒಂದು ತುದಿಯನ್ನು ಮೊದಲು ಕೂಡಿಸಿ; ನಂತರ ಅಗೆದ ಭಾಗದ ಪೈಪನ್ನು ಮೇಲಕ್ಕೆತ್ತಿ ಬಾಗಿಸಿ ಇನ್ನೊಂದು ತುದಿಯನ್ನು ಕೂಡಿಸಿ. ಪೂರ್ಣ ಒತ್ತಡ ಕೊಡುವ ಮೊದಲು 24 ತಾಸು ಬಿಡುವುದು ಉತ್ತಮ.

ಕಪ್ಲರ್ ಸಿಗದಾಗ ಪೈಪಿನ ತುದಿಯನ್ನು ಬೆಂಕಿಗೆ ಹಿಡಿದು ಅಗಲಿಸಿ, ಇನ್ನೊಂದನ್ನು ಅದರೊಳಗೆ ತುರುಕುವ ರೂಢಿ ಹಳ್ಳಿಗಳಲ್ಲಿದೆ. ಹೀಗೆ ಮಾಡಿದಾಗ ಪೈಪಿನ ಗೋಡೆ ತೆಳುವಾಗಿ ಸುಟ್ಟ ಜಾಗದಲ್ಲಿ ಕಸುವು ಹೋಗುತ್ತದೆ. ಪಿ.ವಿ.ಸಿ. ಕರಗಿ ಸುಟ್ಟಾಗ ಏಳುವ ಹೊಗೆ ಗಂಟಲಿಗೂ ಪುಪ್ಪುಸಕ್ಕೂ ಕೆಟ್ಟದ್ದು. ಆ ಉಳಿತಾಯ ಬೇಡ.

ಬೆಳೆ ಬಾಡುತ್ತಿದ್ದು, 24 ತಾಸು ಕಾಯಲು ಆಗದಿದ್ದರೆ ಸಣ್ಣ ತೂತಿಗೆ ತಾತ್ಕಾಲಿಕ ಉಪಾಯ ಮಾಡಬಹುದು. ಸೈಕಲ್ ಟ್ಯೂಬಿನ ರಬ್ಬರನ್ನು ಎರಡು ಮೂರು ಸುತ್ತು ಎಳೆದು ಸುತ್ತಿ, ಮೇಲೆ ಕ್ಲಾಂಪು ಹಾಕಿ ಬಿಗಿಯಿರಿ. ಒತ್ತಡ ಕಡಿಮೆ ಇಟ್ಟು ಆ ಒಂದು ನೀರು ಕೊಡಿ. ಆ ಜಾಗಕ್ಕೆ ಗೂಟ ನೆಟ್ಟು ಗುರುತು ಮಾಡಿ, ನೀರು ಮುಗಿದೊಡನೆ ಪೂರ್ತಿ ದುರಸ್ತಿ ಮಾಡಿಸಿ. ಮಣ್ಣಿನಡಿ ಮರೆತುಹೋದ ರಬ್ಬರು ಮುಂದಿನ ಹಂಗಾಮಿನಲ್ಲಿ ಸಡಿಲಾಗುತ್ತದೆ.

ಜಿ.ಐ. ಪೈಪಿನ ಜೋಡಣೆ ಸೋರುತ್ತಿದ್ದರೆ ಬಿಚ್ಚಿ, ಮರೆಯನ್ನು ಬ್ರಷ್‌ನಿಂದ ಉಜ್ಜಿ, ತಿರುಗಿಸುವ ದಿಕ್ಕಿಗೇ ಟೆಫ್ಲಾನ್ ಟೇಪು ಸುತ್ತಿ ಬಿಗಿಯಬೇಕು. ಪೈಪೇ ತುಕ್ಕು ತಿಂದಿದ್ದರೆ ಆ ಉದ್ದವನ್ನು ಬದಲಿಸುವುದೊಂದೇ ದಾರಿ. ಹನಿ ನೀರಾವರಿಯ 12 ಅಥವಾ 16 ಮಿ.ಮೀ. ಕೊಳವೆ ಕಡಿದಿದ್ದರೆ ಅಷ್ಟು ಭಾಗ ಕತ್ತರಿಸಿ ಜಾಯಿನರ್ ಹಾಕಿ. ನಂತರ ತುದಿ ಬಿಚ್ಚಿ ಎರಡು ನಿಮಿಷ ನೀರು ಹರಿಸಿ ಮಣ್ಣನ್ನು ತೊಳೆಯದಿದ್ದರೆ ಮುಂದಿನ ಹನಿ ತೂತುಗಳೆಲ್ಲ ಕಟ್ಟಿಕೊಳ್ಳುತ್ತವೆ.

ಎರೆ ಭೂಮಿಯಲ್ಲಿ ಪೈಪು ಹೂಳುವ ಪದ್ಧತಿ

ಹೊಸ ಸಾಲು ಹಾಕುವಾಗ ಕೆಳಗಿನ ಅಂಶಗಳನ್ನು ಪಾಲಿಸಿದರೆ ಮುಂದಿನ ತೊಂದರೆಗಳಲ್ಲಿ ಬಹುಪಾಲು ತಪ್ಪುತ್ತವೆ.

1. ಕಾಲುವೆಯನ್ನು 3 ಅಡಿ ಆಳ ತೆಗೆಯಿರಿ. ಟ್ರ್ಯಾಕ್ಟರ್ ನೇಗಿಲು ತಾಕುವುದಿಲ್ಲ. ಮೇಲ್ಪದರಿನಷ್ಟು ಮಣ್ಣಿನ ಏರಿಳಿತವೂ ಅಲ್ಲಿರುವುದಿಲ್ಲ.

2. ತಳದಲ್ಲಿ 4 ಇಂಚು ಉಸುಕು ಅಥವಾ ಜರಡಿ ಹಿಡಿದ ಗರಸು ಹಾಸಿ. ಪೈಪಿನ ಮೇಲೂ ಪಕ್ಕಕ್ಕೂ ಅಷ್ಟೇ ಹಾಕಿ. ಈ ಮೆತ್ತೆ ಎರೆ ಮಣ್ಣಿನ ಎಳೆತವನ್ನು ಪೈಪಿಗೆ ಮುಟ್ಟಗೊಡುವುದಿಲ್ಲ.

3. ಅದರ ಮೇಲೆ ಎರೆ ಮಣ್ಣಿನ ಹೆಂಟೆಗಳನ್ನು ಒಡೆದು, ತುಸು ನೀರು ಚಿಮುಕಿಸಿ, ಪದರು ಪದರಾಗಿ ದಮ್ಮಸು ಮಾಡಿ. ಹೆಂಟೆಗಳನ್ನು ಹಾಗೆಯೇ ತಳ್ಳಿದರೆ ನಡುವೆ ಪೊಳ್ಳು ಉಳಿದು, ಮಳೆಯಲ್ಲಿ ಕುಸಿಯುತ್ತದೆ. ಮೇಲಿನ ಪದರು ಗಟ್ಟಿಯಿರದಿದ್ದರೆ ಉಸುಕಿನ ಹಾಸೇ ಮಳೆ ನೀರಿಗೆ ಕಾಲುವೆಯಾಗುತ್ತದೆ.

4. ಪೈಪನ್ನು ಹಗ್ಗ ಎಳೆದಂತೆ ಬಿಗಿಯಾಗಿ ಇಡದೆ, ಹಾವು ಹರಿದಂತೆ ತುಸು ಅಂಕುಡೊಂಕಾಗಿ ಇಡಿ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಜೋಡಿಸಿ ಮುಚ್ಚಬೇಡಿ. ಬೆಳಗಿನ ತಂಪಿನಲ್ಲಿ ಮುಚ್ಚಿ.

5. ತಿರುವು, ಟೀ ಮತ್ತು ತುದಿಗಳಲ್ಲಿ ಕಾಂಕ್ರೀಟ್ ಗಡ್ಡೆ ಕೂಡಿಸಿ. ಎರೆ ಭೂಮಿಯಲ್ಲಿ ಅದರ ಬೆನ್ನು ಅಗಲವಾಗಿರಲಿ.

6. ವಾಲ್ವಿನ ಕಟ್ಟೆಯ ಗೋಡೆಯಲ್ಲಿ ಪೈಪಿಗಿಂತ ದೊಡ್ಡ ಕೊಳವೆಯ ತುಂಡನ್ನು ಕೂಡಿಸಿ, ಅದರೊಳಗಿಂದ ಪೈಪನ್ನು ಸಡಿಲವಾಗಿ ಹಾಯಿಸಿ.

7. ಜೋಡಣೆಗಳನ್ನು ತೆರೆದಿಟ್ಟು ಒಂದು ದಿನ ನೀರು ಹರಿಸಿ ಪರೀಕ್ಷಿಸಿದ ಮೇಲೆಯೇ ಪೂರ್ತಿ ಮುಚ್ಚಿ. ಸಾಲು ಹಾಯ್ದ ದಾರಿಯ ನಕ್ಷೆಯೊಂದನ್ನು ಬದುವಿನ ಗುರುತುಗಳೊಡನೆ ಬರೆದಿಡಿ.

ಬೆಣ್ಣಿಹಳ್ಳ, ತುಪ್ಪರಿಹಳ್ಳಗಳ ದಂಡೆಯಲ್ಲಿ ಹೊಲವಿದ್ದವರು ಹಳ್ಳದಿಂದ ನೀರೆತ್ತುವ ಪೈಪನ್ನು ದಂಡೆಯಿಂದ ಬಿಚ್ಚಿ ತೆಗೆಯುವಂತೆ ಫ್ಲ್ಯಾಂಜ್ ಜೋಡಣೆ ಇಡುವುದು ಒಳ್ಳೆಯದು. ಈ ಹಳ್ಳಗಳಿಗೆ ಮಹಾಪೂರ ಒಮ್ಮೆಲೇ ಬರುತ್ತದೆ. ಸವಳು ಮಣ್ಣಿನ ಸಾಲುಗಳಿಗೆ ಜಿ.ಐ. ಬದಲು ಪ್ಲಾಸ್ಟಿಕ್ ಪೈಪು ಲೇಸು. ಬಾಗುವ ಗುಣವಿರುವ ಎಚ್.ಡಿ.ಪಿ.ಇ. ಪೈಪು ಚಲಿಸುವ ನೆಲಕ್ಕೆ ಚೆನ್ನಾಗಿ ಹೊಂದುತ್ತದೆ. ಅದಕ್ಕೆ ಸಾಲ್ವೆಂಟ್ ಸಿಮೆಂಟ್ ಅಂಟುವುದಿಲ್ಲ; ಕಾಯಿಸಿ ಬೆಸೆಯಬೇಕು, ಇಲ್ಲವೆ ಬಿಗಿಯುವ ಜೋಡಣೆ ಬಳಸಬೇಕು.

ಕುಡಿಯುವ ನೀರಿನ ಪೈಪು ಸೋರಿದರೆ

ಹೊಲದ ಪೈಪು ಸೋರಿದರೆ ಬೆಳೆಗೆ ನಷ್ಟ. ಊರಿನ ಪೈಪು ಸೋರಿದರೆ ಮಕ್ಕಳ ಆರೋಗ್ಯಕ್ಕೇ ಅಪಾಯ. ನೀರು ಬಿಟ್ಟಾಗ ತೂತಿನಿಂದ ನೀರು ಹೊರಗೆ ಹೋಗುತ್ತದೆ. ಬಂದ್ ಮಾಡಿದಾಗ ಪೈಪು ಖಾಲಿಯಾಗುತ್ತ ಅದೇ ತೂತಿನಿಂದ ಸುತ್ತಲಿನ ಗಟಾರದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನಳಕ್ಕೆ ನೇರವಾಗಿ ಮೋಟಾರು ಹಚ್ಚಿದರೆ ಈ ಎಳೆತ ಇನ್ನೂ ಜೋರಾಗುತ್ತದೆ.

ಇದಕ್ಕೆ ನಮ್ಮ ಪಕ್ಕದಲ್ಲಿಯೇ ಆಧಾರವಿದೆ. ಹುಬ್ಬಳ್ಳಿ-ಧಾರವಾಡದಲ್ಲಿ ಹಲವು ದಿನಗಳಿಗೊಮ್ಮೆ ನೀರು ಬರುತ್ತಿದ್ದ ಕಾಲದಲ್ಲಿ, 2008ರಲ್ಲಿ, ಕೆಲವು ವಾರ್ಡುಗಳ ಹಳೆಯ ಪೈಪುಗಳನ್ನು ಬದಲಿಸಿ ದಿನದ 24 ತಾಸೂ ನೀರು ಕೊಡುವ ಪ್ರಯೋಗ ಆರಂಭವಾಯಿತು. ಅಮೆರಿಕದ ಬರ್ಕ್ಲಿಯ ವಿಜ್ಞಾನಿಗಳು ಎರಡೂ ಬಗೆಯ ವಾರ್ಡುಗಳ ನಳದ ನೀರನ್ನು ಹೋಲಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಲದ ಸೋಂಕನ್ನು ತೋರಿಸುವ ಇ. ಕೋಲಿ ಎಂಬ ಜೀವಾಣು, ಬಿಟ್ಟು ಬಿಟ್ಟು ನೀರು ಬರುವ ಕಡೆ ನೂರರಲ್ಲಿ ಸುಮಾರು 30 ಮಾದರಿಗಳಲ್ಲಿ ಕಂಡುಬಂದಿತು. ಸತತವಾಗಿ ನೀರು ಬರುವ ಕಡೆ ನೂರಕ್ಕೆ ಒಂದಕ್ಕಿಂತಲೂ ಕಡಿಮೆ ಮಾದರಿಗಳಲ್ಲಿ ಅದು ಸಿಕ್ಕಿತು. ಗಟ್ಟಿಯಾದ ಪೈಪು ಮತ್ತು ಅದರೊಳಗೆ ಸದಾ ನಿಲ್ಲುವ ಒತ್ತಡ, ಇವೆರಡೂ ನೀರನ್ನು ಕಾಯುತ್ತವೆ. ನಮ್ಮ ಹಳ್ಳಿಗಳಲ್ಲಿ ಸದಾ ಒತ್ತಡ ಇಡುವುದು ಕಷ್ಟವಿದ್ದರೂ ಪೈಪನ್ನು ಗಟ್ಟಿಯಾಗಿಡುವುದು ನಮ್ಮ ಕೈಯಲ್ಲಿಯೇ ಇದೆ.

2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರಿನಂತೆ ನೀರಿನ ಗುರಿ ಇಟ್ಟಿತು. ಐದು ಜನರ ಮನೆಗೆ ಇದು 275 ಲೀಟರ್. 1 ಕಿಲೋ ಒತ್ತಡದ ಸಾಲಿನಲ್ಲಿ 3 ಮಿ.ಮೀ. ತೂತಿದ್ದರೆ ತಾಸಿಗೆ 200 ಲೀಟರಿಗೂ ಹೆಚ್ಚು ಹೋಗುತ್ತದೆ. ಎರಡು ತಾಸು ನೀರು ಬಿಟ್ಟರೆ ಒಂದು ಮನೆಯ ಪಾಲಿಗಿಂತ ಹೆಚ್ಚು ನೀರು ಗಟಾರಕ್ಕೆ ಹೋದಂತೆ. ಸೋರುವುದನ್ನು ಕಂಡವರು ಅದೇ ದಿನ ನೀರಗಂಟಿಗೆ ಅಥವಾ ಗ್ರಾಮ ಪಂಚಾಯತಿಗೆ ತಿಳಿಸಬೇಕು. "ಪಂಚಾಯತಿಯವರು ನೋಡಿಕೊಂಡಾರು" ಎಂದು ದಾಟಿ ಹೋಗಬಾರದು.

ಊರಿನ ಪೈಪನ್ನು ದುರಸ್ತಿ ಮಾಡುವಾಗ ಮೊದಲು ಕುಳಿಯ ಕೊಳಚೆ ನೀರನ್ನು ಪೈಪಿನ ಮಟ್ಟಕ್ಕಿಂತ ಕೆಳಗೆ ಬರುವಂತೆ ಎತ್ತಿಹಾಕಬೇಕು. ಕೆಲಸ ಮುಗಿದ ಮೇಲೆ ತುದಿ ತೆರೆದು ಕೆಸರು ಹೋಗುವ ತನಕ ನೀರು ಹರಿಸಿ, ನಂತರ ಬ್ಲೀಚಿಂಗ್ ಪುಡಿಯ ತಿಳಿನೀರಿನಿಂದ ಶುದ್ಧ ಮಾಡಬೇಕು. ಪ್ರಮಾಣ 1,000 ಲೀಟರ್ ನೀರಿಗೆ 200 ಗ್ರಾಂ. 90 ಮಿ.ಮೀ. ಪೈಪಿನ 100 ಮೀಟರ್ ಉದ್ದದಲ್ಲಿ ಸುಮಾರು 550 ಲೀಟರ್ ನೀರಿರುವುದರಿಂದ 110 ಗ್ರಾಂ ಸಾಕು. ಇದನ್ನು 24 ತಾಸು ಪೈಪಿನಲ್ಲಿ ನಿಲ್ಲಿಸಿ, ಆಮೇಲೆ ಪೂರ್ತಿ ಹೊರಗೆ ಹರಿಸಿಬಿಡಬೇಕು. ಈ ನೀರನ್ನು ಜನರಾಗಲಿ ದನಗಳಾಗಲಿ ಕುಡಿಯಕೂಡದು. ಓಣಿಯಲ್ಲಿ ಮೊದಲೇ ಡಂಗುರ ಸಾರಿಸಿ, ಆ ಸಾಲಿನ ನಳಗಳನ್ನು ಮುಚ್ಚಿಸಿರಬೇಕು.

ವರ್ಷದ ಪಾಲನೆ

ಹಿಂಗಾರಿ ಸುಗ್ಗಿ ಮುಗಿದು ಹೊಲ ತೆರವಾದಾಗ ಒತ್ತಡದ ಪರೀಕ್ಷೆ ಮಾಡಿ, ದೊಡ್ಡ ದುರಸ್ತಿಗಳನ್ನು ಮುಗಿಸಿಕೊಳ್ಳಿ. ಬೇಸಿಗೆಯಲ್ಲಿ ತುಂತುರು ಪೈಪುಗಳನ್ನು ನೆರಳಿನಲ್ಲಿ ಜೋಡಿಸಿಡಿ. ಹನಿ ಕೊಳವೆಗಳಿರುವ ಹೊಲದಲ್ಲಿ ಕೂಳೆಗೆ ಬೆಂಕಿ ಹಚ್ಚಬೇಡಿ. ಮುಂಗಾರಿಯ ಮೊದಲ ಮಳೆ ಬಿದ್ದ ವಾರದಲ್ಲಿ ಸಾಲಿನ ಉದ್ದಕ್ಕೂ ಒಮ್ಮೆ ನಡೆದು, ಕುಸಿದ ಜಾಗಗಳಿಗೆ ಮಣ್ಣು ತುಂಬಿ. ಹಿಂಗಾರಿಗೆ ನೀರು ಬಿಡುವ ಮೊದಲ ದಿನ ಗೇಟ್ ವಾಲ್ವನ್ನು ಕಾಲು ಭಾಗವಷ್ಟೇ ತೆರೆದು, ಸಾಲು ತುಂಬಿದ ಮೇಲೆ ಪೂರ್ತಿ ತೆರೆಯಿರಿ. ಎರಡು ಕಪ್ಲರ್, ಮೂರು ಅಡಿ ಪೈಪು, ಒಂದು ಡಬ್ಬಿ ಸಾಲ್ವೆಂಟ್ ಸಿಮೆಂಟ್, ಒಂದು ಗರಗಸ ಮತ್ತು ಎರಡು ಕ್ಲಾಂಪು ಪಂಪಿನ ಮನೆಯಲ್ಲಿ ಸದಾ ಇರಲಿ. ಹೂ ಕಟ್ಟಿದ ಬೆಳೆಗೆ ನೀರು ಬಿಟ್ಟ ರಾತ್ರಿ ಪೈಪು ಒಡೆದರೆ ಅಂಗಡಿಯ ಬಾಗಿಲು ತೆರೆದಿರುವುದಿಲ್ಲ.

ಪೈಪಿನ ಅಳತೆ, ಒತ್ತಡದ ದರ್ಜೆ ಮತ್ತು ಪಂಪಿನ ಆಯ್ಕೆಯ ಬಗ್ಗೆ ಸಂಶಯವಿದ್ದವರು ಹತ್ತಿರದ ರೈತ ಸಂಪರ್ಕ ಕೇಂದ್ರವನ್ನು ಅಥವಾ ಧಾರವಾಡದ ಸೈದಾಪುರದಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು. ಹೋಗುವಾಗ ಒಡೆದ ಪೈಪಿನ ತುಂಡನ್ನು ಜೊತೆಗೆ ಒಯ್ಯಿರಿ. ಅದನ್ನು ನೋಡಿದರೆ ಅರ್ಧ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಗುತ್ತದೆ.